ತುಂಬಿದ ಬ್ಯಾಟರಿ ಬಚ್ಚಿಟ್ಟ ವ್ಯಾಪಾರಿ

ಶಿಷ್ಯ ಸಂಗಯ್ಯ ಕೇಳಿದ: "ಗುರುಗಳೇ, ದೇವರಿಗೆ ಕೊಡುವ ಶಕ್ತಿಯೂ ಇದೆ, ಮನಸ್ಸೂ ಇದೆ ಎನ್ನುತ್ತೀರಿ. ಹಾಗಿದ್ದರೆ ನನ್ನನ್ನು ಯಾಕೆ ಇಷ್ಟು ಕಾಯಿಸುತ್ತಾನೆ? ಬೇಡಿ ಬೇಡಿ ಬಾಯಿ ಒಣಗಿತು."

ಗುರುಗಳು ನಕ್ಕರು. "ಬಾಯಿ ಒಣಗಿದ್ದರೆ ಮೊದಲು ನೀರು ಕುಡಿ. ಆಮೇಲೆ ಕತೆ ಕೇಳು" ಎಂದು ಹೇಳತೊಡಗಿದರು.

ಪೇಟೆಯ ದೊಡ್ಡ ರಸ್ತೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನ ಹೆಂಡತಿ ಉಬ್ಬಸದಿಂದ ತೀರಿಕೊಂಡಳು. ಅಂಗಡಿಯಲ್ಲಿ ಕೂತು ಬೈಕುಗಳ ಹೊಗೆ ಕುಡಿದು ಕುಡಿದೇ ಇವಳು ಹೋದಳು ಎಂದು ಅವನಿಗೆ ಅನ್ನಿಸಿತು. ಇನ್ನೊಬ್ಬರ ಮನೆಯಲ್ಲಿ ಹೀಗಾಗಬಾರದು ಎಂದುಕೊಂಡ. ಇದ್ದ ವ್ಯಾಪಾರ ಬಿಟ್ಟು, ಅದೇ ಅಂಗಡಿಯಲ್ಲಿ ಎಲೆಕ್ಟ್ರಿಕ್ ಬೈಕುಗಳಿಗೆ ಚಾರ್ಜ್ ಮಾಡಿಕೊಡುವ ಕೆಲಸ ಹಿಡಿದ.

ಚಾರ್ಜ್ ಆಗಲು ಬಹಳ ಹೊತ್ತು ಹಿಡಿಯುತ್ತಿತ್ತು. ಬರುತ್ತಿದ್ದ ಕೆಲವೇ ಸವಾರರು ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು, ಮನೆಯ ಕಷ್ಟಸುಖ ಹೇಳಿಕೊಳ್ಳುತ್ತಿದ್ದರು. ಅವರಲ್ಲೊಬ್ಬನ ಪುಟ್ಟ ಮಗಳಿಗೆ ಮಾತಾಡುವ ವಯಸ್ಸಾದರೂ ಇನ್ನೂ ಮಾತು ಬಂದಿರಲಿಲ್ಲ. ಅವನು ದಿನವೂ ಆ ಚಿಂತೆಯನ್ನೇ ಹೇಳುತ್ತಿದ್ದ. ವ್ಯಾಪಾರಿಗೆ ಮನೆಯಲ್ಲಿ ಮಾತಾಡಲು ಯಾರೂ ಇರಲಿಲ್ಲ. ಈ ಬೆಂಚೇ ಅವನ ಸಂಸಾರವಾಯಿತು.

ಆದರೆ ರಸ್ತೆಯ ಹೊಗೆ ಇಳಿಯಲಿಲ್ಲ. "ಹೊಟ್ಟೆಪಾಡಿಗೆ ಓಡಾಡೋರು ನಾವು, ಇಷ್ಟು ಹೊತ್ತು ಕಾಯೋಕಾಗುತ್ತಾ?" ಎಂದು ಉಳಿದವರೆಲ್ಲ ಪೆಟ್ರೋಲ್ ಗಾಡಿಯಲ್ಲೇ ತಿರುಗುತ್ತಿದ್ದರು. ವ್ಯಾಪಾರಿ ಯೋಚಿಸಿದ. ಬ್ಯಾಟರಿಗಳನ್ನು ಮೊದಲೇ ತುಂಬಿಸಿ ಸಾಲಾಗಿ ಇಟ್ಟ. ಸವಾರ ಬಂದು ಖಾಲಿಯಾದದ್ದನ್ನು ಕೊಟ್ಟರೆ ಸಾಕು, ತುಂಬಿದ್ದನ್ನು ಹಾಕಿಕೊಂಡು ಹೋಗಬಹುದು. ಎಲೆಗೆ ಸುಣ್ಣ ಸವರುವಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು.

ಜನ ಮುಗಿಬಿದ್ದರು. ಒಬ್ಬೊಬ್ಬರಾಗಿ ಪೆಟ್ರೋಲ್ ಬೈಕು ಬಿಟ್ಟರು. ಎದುರಂಗಡಿಯ ಮುದುಕಿ ಮೂಗಿಗೆ ಸೆರಗು ಹಿಡಿಯುವುದನ್ನು ನಿಲ್ಲಿಸಿದಳು. ವ್ಯಾಪಾರಿ ಬಯಸಿದ್ದೂ ಅದನ್ನೇ, ಅವನಿಗೆ ಸಂತೋಷವೇ ಆಯಿತು. ಆದರೆ ಬೆಂಚು ಖಾಲಿಯಾಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ದಿನವಿಡೀ ಅಂಗಡಿ ತುಂಬ ಜನ, ಹೆಲ್ಮೆಟ್ ತೆಗೆದು ಮುಖ ತೋರಿಸುವವನು ಒಬ್ಬನೂ ಇಲ್ಲ. ಆ ಮಗುವಿಗೆ ಮಾತು ಬಂತೇ ಎಂದು ತಿಳಿಯಲು ವ್ಯಾಪಾರಿಯ ಜೀವ ಹಂಬಲಿಸುತ್ತಿತ್ತು. ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅದರ ಅಪ್ಪನ ಗಾಡಿ ತಿರುವು ದಾಟಿರುತ್ತಿತ್ತು.

ಒಂದು ದಿನ ಆ ಸವಾರ ಬರುವುದು ದೂರದಿಂದಲೇ ಕಂಡಿತು. ವ್ಯಾಪಾರಿ ತುಂಬಿದ ಬ್ಯಾಟರಿಗಳ ಮೇಲೆ ಸರಸರನೆ ಒಂದು ಪಂಚೆ ಹೊದಿಸಿದ. "ಇನ್ನೂ ತುಂಬಿಲ್ಲಪ್ಪ, ಸ್ವಲ್ಪ ಕೂತ್ಕೊ" ಎಂದ.

ಸವಾರ ಗೊಣಗಿದ. ಗಡಿಯಾರ ನೋಡಿದ. ಕೊನೆಗೆ ಹೆಲ್ಮೆಟ್ ತೆಗೆದು ಕೂತ. ಚಹಾ ಬಂತು, ಮಾತೂ ಬಂತು. ಮಗಳು ಈಗ ಮಾತಾಡುತ್ತಾಳಂತೆ. ಅಪ್ಪ ಎನ್ನುವ ಮೊದಲು ಬೈಕ್ ಎಂದಳಂತೆ. ಹೆಂಡತಿ ಹೋದ ಮೇಲೆ ವ್ಯಾಪಾರಿ ಅಷ್ಟು ನಕ್ಕಿರಲಿಲ್ಲ.

ಅಷ್ಟರಲ್ಲಿ ಗಾಳಿಗೆ ಪಂಚೆ ಜಾರಿತು. ಬ್ಯಾಟರಿಗಳ ಹಸಿರು ದೀಪ ಕಂಡಿತು.

"ಯಜಮಾನ್ರೇ, ಇವೆಲ್ಲ ತುಂಬೇ ಇವೆಯಲ್ಲ! ಮತ್ಯಾಕೆ ನನ್ನ ಕೂರಿಸಿದ್ರಿ?"

"ನೀನು ಬರೋ ಮೊದಲೇ ತುಂಬಿದ್ವಪ್ಪ. ಕೊಟ್ಟರೆ ಹೋಗಿಬಿಡ್ತೀಯ ಅಂತ ಕೊಡಲಿಲ್ಲ" ಎಂದ ವ್ಯಾಪಾರಿ. ಎದ್ದು, ಒಂದು ಬ್ಯಾಟರಿ ತಂದು ಅವನ ಕೈಗಿಟ್ಟ.

ಗುರುಗಳು ಇಷ್ಟಕ್ಕೇ ಕತೆ ನಿಲ್ಲಿಸಿದರು. ಸಂಗಯ್ಯ ಸ್ವಲ್ಪ ಹೊತ್ತು ಕಾದ. ಕೊನೆಗೆ ತಡೆಯಲಾರದೆ ಕೇಳಿದ: "ಆಮೇಲೆ? ಸವಾರ ಕೂತನೋ, ಹೋದನೋ?"

"ಹೋದ ಸಲ ಬೇಡಿದ್ದು ಕೈಗೆ ಬಂದಾಗ ನೀನು ಕೂತೆಯೋ, ಹೋದೆಯೋ?" ಎಂದರು ಗುರುಗಳು.