ಹುಲ್ಲಿನ ಕರು

“ಗುರುಗಳೇ, ಹಾಲು, ತುಪ್ಪ, ಮೊಟ್ಟೆ, ಮಾಂಸ ಎಲ್ಲವನ್ನೂ ಬಿಟ್ಟು ಎರಡು ವರ್ಷವಾಯಿತು. ಒಂದು ಅಡುಗೆ ಪುಸ್ತಕ ಇಟ್ಟುಕೊಂಡು ನನ್ನ ಊಟವನ್ನು ನಾನೇ ಮಾಡಿಕೊಳ್ಳುತ್ತೇನೆ. ಹೊಟ್ಟೆ ತುಂಬುತ್ತದೆ, ನಾಲಿಗೆಗೂ ಕೊರತೆಯಿಲ್ಲ. ಮನೆಯ ಹಿಂದೆ ಅಣ್ಣನ ಕೋಳಿ ಸಾಕಣೆ ಇದೆ. ಅದು ಅವನ ವ್ಯವಹಾರ, ನಾನು ಅತ್ತ ಹೋಗುವುದೂ ಇಲ್ಲ. ಪ್ರಾಣಿಗಳ ನೋವಿನಲ್ಲಿ ಇನ್ನು ನನ್ನ ಪಾಲಿಲ್ಲ ಎಂದುಕೊಳ್ಳಬಹುದೇ?”

ಶಿಷ್ಯ ಹೀಗೆ ಕೇಳಿದಾಗ ಗುರುಗಳು ಮೊರದಲ್ಲಿ ಕಾಳು ಆರಿಸುತ್ತಿದ್ದರು. ಕೈ ನಿಲ್ಲಿಸದೆ ಒಂದು ಕತೆ ಹೇಳಿದರು.

ಒಂದು ಊರಿನ ಅಂಚಿನಲ್ಲಿ ಹಾಲು ಮಾರುವವನೊಬ್ಬನಿದ್ದ. ಅವನಿಗೆ ನಾಲ್ಕು ಎಮ್ಮೆಗಳಿದ್ದವು. ಕೆಟ್ಟವನಲ್ಲ. ಹಾಲಿಗೆ ನೀರು ಬೆರೆಸುತ್ತಿರಲಿಲ್ಲ, ಎಮ್ಮೆಗಳಿಗೆ ಹೊಡೆಯುತ್ತಿರಲಿಲ್ಲ. ತಂದೆ ಮಾಡಿದಂತೆ ತಾನೂ ಮಾಡುತ್ತಿದ್ದ. ಹೆಣ್ಣುಕರು ಹುಟ್ಟಿದರೆ ಸಾಕುತ್ತಿದ್ದ. ಗಂಡುಕರು ಹುಟ್ಟಿದರೆ, ತಾಯಿಯ ಕೆಚ್ಚಲಿಗೆ ಹಾಲು ಇಳಿಯುವಷ್ಟು ಹೊತ್ತು ಮಾತ್ರ ಬಾಯಿ ಹಾಕಲು ಬಿಟ್ಟು, ಆಮೇಲೆ ಎಳೆದು ಕಟ್ಟುತ್ತಿದ್ದ. ಅಂಥ ಕರು ಹದಿನೈದು ಇಪ್ಪತ್ತು ದಿನಕ್ಕೆ ಸಾಯುತ್ತಿತ್ತು. ಅದರ ತೊಗಲಿಗೆ ಒಣಹುಲ್ಲು ತುಂಬಿಸಿ, ಕಾಲಿನ ಜಾಗಕ್ಕೆ ನಾಲ್ಕು ಕೋಲು ಸಿಕ್ಕಿಸಿ, ಹಾಲು ಕರೆಯುವ ಹೊತ್ತಿಗೆ ತಾಯಿಯ ಮುಂದೆ ನಿಲ್ಲಿಸುತ್ತಿದ್ದ. ಎಮ್ಮೆ ಅದನ್ನು ನೆಕ್ಕುತ್ತಿತ್ತು. ಹಾಲು ಇಳಿಯುತ್ತಿತ್ತು. ಆ ಕೇರಿಯಲ್ಲಿ ಎಮ್ಮೆ ಕಟ್ಟಿದವರೆಲ್ಲ ಹಾಗೆಯೇ ಮಾಡುತ್ತಿದ್ದರು. ಯಾರಿಗೂ ಅದು ವಿಚಿತ್ರವೆನಿಸಿರಲಿಲ್ಲ.

ಅವನ ಹೆಂಡತಿಗೂ ಅನಿಸಿರಲಿಲ್ಲ. ಮದುವೆಯಾಗಿ ಬಂದ ಮೂರನೆಯ ವರ್ಷ ಅವಳಿಗೆ ಗಂಡುಮಗು ಹುಟ್ಟಿತು. ಹದಿನೆಂಟನೆಯ ದಿನ ಜ್ವರ ಬಂದು ತೀರಿಕೊಂಡಿತು. ಮಗು ಹೋದರೂ ಎದೆಯಲ್ಲಿ ಹಾಲು ಬರುವುದು ನಿಲ್ಲಲಿಲ್ಲ. ಅತ್ತೆ ಅವಳ ಎದೆಗೆ ಮಲ್ಲಿಗೆ ಹೂವಿಟ್ಟು ಬಟ್ಟೆ ಬಿಗಿದು ಕಟ್ಟಿದಳು. ಹಾಗೆ ಕಟ್ಟಿದರೆ ಹಾಲು ಬತ್ತುತ್ತದೆ ಎಂದು ಆ ಕಡೆಯವರ ನಂಬಿಕೆ.

ಐದಾರು ದಿನ ಕಳೆದ ಮೇಲೆ ಅವಳು ಎಮ್ಮೆಗಳಿಗೆ ನೀರು ಕೊಡಲು ಕೊಟ್ಟಿಗೆಗೆ ಹೋದಳು. ಗಂಡ ಹಾಲು ಕರೆಯುತ್ತಿದ್ದ. ಎಮ್ಮೆ ಹುಲ್ಲಿನ ಕರುವಿನ ಕುತ್ತಿಗೆಯನ್ನು ನೆಕ್ಕುತ್ತಿತ್ತು. ಅಲ್ಲಿ ಹೊಲಿಗೆ ಬಿಟ್ಟು ಹುಲ್ಲು ಹೊರಗೆ ಬಂದಿತ್ತು. ನಾಲಿಗೆಗೆ ಚುಚ್ಚಿದರೂ ಎಮ್ಮೆ ನೆಕ್ಕುವುದನ್ನು ಬಿಡಲಿಲ್ಲ. ನೋಡುತ್ತ ನಿಂತವಳ ಎದೆಗೆ ಕಟ್ಟಿದ ಬಟ್ಟೆ ಒದ್ದೆಯಾಯಿತು. ಅವಳು ಕೊಡವನ್ನು ಅಲ್ಲೇ ಇಟ್ಟು ಒಳಗೆ ಬಂದಳು.

ಅಂದಿನಿಂದ ಅವಳು ಹಾಲು, ಮೊಸರು, ತುಪ್ಪ ಯಾವುದನ್ನೂ ಮುಟ್ಟಲಿಲ್ಲ.

“ಬಾಣಂತಿ ಮೈ ನಿನ್ನದು. ತುಪ್ಪ ಬೇಡವೆಂದರೆ ಶಕ್ತಿ ಎಲ್ಲಿಂದ ಬರಬೇಕು?” ಎಂದು ಅತ್ತೆ ಕೇಳಿದಳು.

“ನನಗೆ ಸೇರುವುದಿಲ್ಲ ಅತ್ತೆ” ಎಂದಳು ಅವಳು.

ಏಕೆಂದು ಹೇಳಲಿಲ್ಲ. ಹೇಳಹೊರಟರೆ ಮಗುವಿನ ಮಾತು ಎತ್ತಬೇಕಾಗಿತ್ತು. ಆ ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಮೊದಲ ತಿಂಗಳು ಬರೀ ಅನ್ನ, ಚಟ್ನಿ ತಿಂದು ಸೊರಗಿದಳು. ನೀರು ಸೇದುವಾಗ ಕಣ್ಣಿಗೆ ಕತ್ತಲೆ ಕವಿದು ಬಾವಿಕಟ್ಟೆಯ ಮೇಲೆ ಕುಸಿದಳು. ಅದನ್ನು ಕಂಡ ಪಕ್ಕದ ಬೀದಿಯ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಅವಳನ್ನು ಎಬ್ಬಿಸಿ ವಿಚಾರಿಸಿದರು. ಮರುದಿನ ಒಂದು ಪುಸ್ತಕ ತಂದುಕೊಟ್ಟರು. ಹಾಲು, ತುಪ್ಪ, ಮೊಟ್ಟೆ, ಮಾಂಸ ಇಲ್ಲದೆ ಮನೆಯಲ್ಲೇ ಮಾಡಬಹುದಾದ ನೂರು ಅಡುಗೆಗಳು ಅದರಲ್ಲಿದ್ದವು.

ಅವಳು ಏಳನೆಯ ತರಗತಿಯವರೆಗೆ ಓದಿದ್ದಳು. ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದಳು. ಕಡಲೆಕಾಯಿ ಬೀಜ ನೆನೆಸಿ, ರುಬ್ಬಿ, ಹಾಲು ಹಿಂಡಿ, ಕಾಯಿಸಿ ಆರಿಸಿ, ಹಸಿಮೆಣಸಿನಕಾಯಿಯ ತೊಟ್ಟು ಹಾಕಿಟ್ಟರೆ ಮೊಸರಾಗುತ್ತದೆ ಎಂದು ಬರೆದಿತ್ತು. ಮೂರು ಸಲ ಹಳಸಿಹೋಯಿತು. ನಾಲ್ಕನೆಯ ಸಲ ಗಟ್ಟಿಯಾಗಿ ಹೆಪ್ಪುಗಟ್ಟಿತು. ಅದನ್ನು ಅನ್ನಕ್ಕೆ ಕಲಸಿ, ಉಪ್ಪು ಹಾಕಿಕೊಂಡು, ಒಬ್ಬಳೇ ಕೂತು ತಿಂದಳು. ಮಗು ಹೋದ ಮೇಲೆ ಅವಳಿಗೆ ಹೊಟ್ಟೆ ತುಂಬಿದ್ದು ಅಂದೇ.

ಆಮೇಲೆ ಕೈ ಕುದುರಿತು. ಹುರುಳಿ ಕಟ್ಟಿನ ಸಾರು, ಹುಚ್ಚೆಳ್ಳು ಪುಡಿ ಹಾಕಿದ ಬದನೆಕಾಯಿ ಪಲ್ಯ, ತೆಂಗಿನ ಹಾಲಿನ ಪಾಯಸ. ಪುಸ್ತಕದ ಹಾಳೆಗಳಿಗೆ ಅರಿಸಿನ ಹತ್ತಿತು. ಅವಳ ಮೈಗೆ ಬಲ ಬಂತು. ಬೈಯುತ್ತಿದ್ದ ಅತ್ತೆ ಇನ್ನೊಂದು ಸೌಟು ಬಡಿಸಿಕೊಳ್ಳತೊಡಗಿದಳು. ಗಂಡನೂ ಅದೇ ಊಟಕ್ಕೆ ಒಗ್ಗಿಕೊಂಡ. ಹೆಂಡತಿ ಹಾಲು ಏಕೆ ಬಿಟ್ಟಳೆಂದು ಅವನು ಒಮ್ಮೆಯೂ ಕೇಳಲಿಲ್ಲ.

ಮನೆಗೆಂದು ಎತ್ತಿಡುತ್ತಿದ್ದ ಹಾಲು ಈಗ ಉಳಿಯಿತು. ಅವನು ಅದನ್ನು ಇನ್ನೆರಡು ಮನೆಗೆ ಕೊಡಲು ಶುರುಮಾಡಿದ. ಕೇಳುವವರು ಹೆಚ್ಚಿದರು. ವರ್ಷ ತುಂಬುವುದರೊಳಗೆ ಐದನೆಯ ಎಮ್ಮೆ ತಂದು ಕಟ್ಟಿದ. ನಿನ್ನ ಅಡುಗೆಯಿಂದಲೇ ಈ ಎಮ್ಮೆ ಬಂತು ಎಂದು ಹೆಂಡತಿಗೆ ಸಂತೋಷದಿಂದ ಹೇಳಿದ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು.

ಆ ಎಮ್ಮೆ ಈದಿತು. ಗಂಡುಕರು.

ಕರುವನ್ನು ಕಟ್ಟಿದ ಗೂಟ ಅಡುಗೆಮನೆಯ ಗೋಡೆಯ ಆಚೆಗಿತ್ತು. ಮೊದಲ ದಿನಗಳಲ್ಲಿ ಅದು ಜೋರಾಗಿ ಕೂಗುತ್ತಿತ್ತು. ಒಂದು ವಾರಕ್ಕೆ ದನಿ ಒಡೆಯಿತು. ಅವಳು ಪುಸ್ತಕ ತೆರೆದು ಹೊಸ ಹೊಸ ಅಡುಗೆ ಮಾಡಿದಳು. ನನ್ನ ಬಾಯಿಗೆ ಒಂದು ಹನಿಯೂ ಹೋಗುತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹನ್ನೆರಡನೆಯ ದಿನ ಕರು ಎದ್ದು ನಿಲ್ಲಲಿಲ್ಲ. ಅಂದು ಗಂಡ ಊಟಕ್ಕೆ ಕೂತಾಗ ಅವಳು ಸೌಟು ಹಿಡಿದೇ ನಿಂತಳು.

“ಆ ಕರುವಿಗೆ ಒಂದು ಮೊಲೆಯಾದರೂ ಬಿಡಿ. ಸಾಯುತ್ತದೆ” ಎಂದಳು.

ಗಂಡ ತಲೆಯೆತ್ತಿ ನೋಡಿದ. ಅವನಿಗೆ ಸಿಟ್ಟು ಬಂದಿರಲಿಲ್ಲ, ಆಶ್ಚರ್ಯವಾಗಿತ್ತು.

“ನೀನು ಹಾಲನ್ನೇ ಮುಟ್ಟುವುದಿಲ್ಲ. ಕರುವಿನ ಚಿಂತೆ ನಿನಗೇಕೆ?” ಎಂದ.

ಉತ್ತರ ಅವಳ ಗಂಟಲವರೆಗೆ ಬಂತು. ಒಂದು ವರ್ಷದಿಂದ ಅಲ್ಲೇ ಇದ್ದ ಉತ್ತರ ಅದು. ಒಳಕೋಣೆಯಲ್ಲಿ ಅತ್ತೆ ಇದ್ದಳು. ಗಂಡನ ತಟ್ಟೆಯಲ್ಲಿ ಅನ್ನ ಆರುತ್ತಿತ್ತು. ಅವಳು ಬಗ್ಗಿ ಸಾರು ಬಡಿಸಿದಳು.

ಮರುದಿನ ಬೆಳಿಗ್ಗೆ ಕರು ಸತ್ತಿತ್ತು. ತೊಗಲು ಸುಲಿಯುವವನು ಬಂದು ಹೋದ. ತೊಗಲಿಗೆ ಹುಲ್ಲು ತುಂಬಿ ಹೊಲಿಯುವವರೆಗಿನ ಎರಡು ಮೂರು ದಿನ ಎಮ್ಮೆ ಸರಿಯಾಗಿ ಹಾಲು ಕೊಡಲಿಲ್ಲ. ಕೊನೆಗೆ ಹುಲ್ಲಿನ ಕರುವನ್ನು ತಂದು ಮುಂದೆ ನಿಲ್ಲಿಸಿದರೂ ಎಮ್ಮೆ ಒಮ್ಮೆ ಮೂಸಿ ಮುಖ ತಿರುಗಿಸಿತು. ಗಂಡ ಕೆಚ್ಚಲಿಗೆ ನೀರು ಚಿಮುಕಿಸಿದ, ತಿನ್ನಲು ಹಿಂಡಿ ಇಟ್ಟ. ಹಾಲು ಇಳಿಯಲಿಲ್ಲ. ಹಾಲಿಗೆ ಬಂದವರು ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವನು ಹೆಂಡತಿಯನ್ನು ಕರೆದ. ದಿನವೂ ನೀರು ಕೊಡುವವಳು ನೀನು, ಅದು ನಿನ್ನ ಮಾತು ಕೇಳುತ್ತದೆ, ಸ್ವಲ್ಪ ಸಮಾಧಾನ ಮಾಡು ಎಂದ.

ಅವಳು ಹೋದಳು. ಒಂದು ಕೈಯಿಂದ ಎಮ್ಮೆಯ ಕತ್ತು ಸವರಿದಳು. ಇನ್ನೊಂದು ಕೈಯಿಂದ ಹುಲ್ಲಿನ ಕರುವನ್ನು ಎತ್ತಿ ಎಮ್ಮೆಯ ಮೂತಿಗೆ ಹಿಡಿದಳು.

“ನಿನ್ನದೇ ಕರು ತಾಯಿ, ನೋಡು” ಎಂದಳು.

ಎಮ್ಮೆ ಅವಳನ್ನು ನಂಬಿತು. ನೆಕ್ಕತೊಡಗಿತು. ಚೊಂಬಿಗೆ ಹಾಲು ಬಿದ್ದ ಸದ್ದು ಕೇಳಿಸಿತು.

ಅಂದಿನಿಂದ ಆ ಕೆಲಸ ಅವಳದೇ ಆಯಿತು. ಆ ಎಮ್ಮೆಗೆ, ಆಮೇಲೆ ಉಳಿದ ಎಮ್ಮೆಗಳಿಗೆ, ಅನೇಕ ವರ್ಷ, ಎರಡು ಹೊತ್ತೂ ಅವಳು ಕರು ಹಿಡಿದು ನಿಂತಳು. ಮುಗಿದ ಮೇಲೆ ಕೈ ತೊಳೆದುಕೊಂಡು ಒಳಗೆ ಹೋಗಿ ಪುಸ್ತಕ ತೆರೆಯುತ್ತಿದ್ದಳು. ಅವಳ ಕೈಯಡುಗೆಯನ್ನು ಊರೇ ಹೊಗಳಿತು. ಸಾಯುವವರೆಗೂ ಅವಳು ಹಾಲಿನ ಒಂದು ಹನಿ ಮುಟ್ಟಲಿಲ್ಲ. ಆ ತಾಯಿ ಎಂಥ ವ್ರತ ನಡೆಸಿದಳು ಎಂದು ಕೇರಿಯ ಹೆಂಗಸರು ಅವಳು ಹೋದ ದಿನ ಮಾತಾಡಿಕೊಂಡರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ.

“ಅವಳಾದರೂ ಏನು ಮಾಡಬಹುದಿತ್ತು ಗುರುಗಳೇ? ಮನೆ ಅವಳದಲ್ಲ. ಎಮ್ಮೆ ಅವಳದಲ್ಲ. ಕರುವೂ ಅವಳದಲ್ಲ.”

ಗುರುಗಳು ಮೊರವನ್ನು ಪಕ್ಕಕ್ಕಿಟ್ಟು ಹೇಳಿದರು:

“ಬಾಯಿ ಅವಳದಾಗಿತ್ತಲ್ಲ.”