ಅಧ್ಯಕ್ಷರು ಘೋಷಿಸಿದ ನೀರು

ನನ್ನ ಮೀಸೆಯಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನಮ್ಮ ಪಂಚಾಯಿತಿಯಲ್ಲಿ ಇಂಗ್ಲಿಷ್ ಬಲ್ಲ ಏಕೈಕ ಗುಮಾಸ್ತ ನಾನು. ನಾನು ಬಂದರೆ ಟೈಪ್‌ರೈಟರೇ ಎದ್ದು ನಿಲ್ಲುತ್ತಿತ್ತು!

ಊರಿನ ಟ್ಯಾಂಕಿನ ನೀರು ನಾರುತ್ತಿದೆ ಎಂಬ ದೂರಿನ ಮೇಲೆ ಜಿಲ್ಲಾ ಕಚೇರಿಯ ಸಾಹೇಬರು ತಪಾಸಣೆಗೆ ಬರುವವರಿದ್ದರು. ಅವರಿಗೆ ವರದಿ ಇಂಗ್ಲಿಷಿನಲ್ಲೇ ಬೇಕು. ಅಧ್ಯಕ್ಷ ಪುಟ್ಟಮಾದಪ್ಪ ಕೂತಲ್ಲಿ ಕೂರರು, ನಿಂತಲ್ಲಿ ನಿಲ್ಲರು.

"ನೀರು ಅಮೃತ ಅಂತ ಬರಿಯಯ್ಯಾ. ನಾನೂ ದಿನಾ ಅದನ್ನೇ ಕುಡಿಯೋದು ಅಂತ ಸೇರಿಸು. ಇಲ್ದಿದ್ರೆ ನಾಳೆಯಿಂದ ಮನೇಲಿರು!"

ಬರೆದರೆ ಸುಳ್ಳಿಗೆ ನನ್ನ ಸಹಿ, ಬರೆಯದಿದ್ದರೆ ಕೆಲಸ ಹೋಗುತ್ತದೆ. ಹೊರಗೆ ಜೀಪು ಬಂದೇಬಿಟ್ಟಿತು. ನಾನು ಸರಸರ ಟೈಪಿಸಿದೆ: ನೀರು ಅಮೃತವೆಂದು ಅಧ್ಯಕ್ಷರು 'ಡಿಕ್ಲೇರ್' ಮಾಡಿದ್ದಾರೆ, ದಿನವೂ ಅದನ್ನೇ ಕುಡಿಯುವುದಾಗಿ 'ಕ್ಲೇಮ್' ಮಾಡಿದ್ದಾರೆ.

ನಾನು ಓದಿ ಹೇಳಿದಾಗ ಎರಡು ಕಡೆ ತಮ್ಮ ಪ್ರಸ್ತಾಪ ಕೇಳಿ ಅಧ್ಯಕ್ಷರು ಉಬ್ಬಿದರು.

ಸಾಹೇಬರು ಓದಿ, "ಇದೆಲ್ಲ ಇವರ ಮಾತೇನಾ?" ಎಂದರು.

"ಪೂರ್ತಿ ಅವರದೇ ಸಾರ್," ಎಂದೆ.

"ಹಾಗಾದರೆ ಇವರಿಗೇ ಒಂದು ಲೋಟ ಕೊಡಿ."

ಹಸಿರು ನೀರು ಬಂತು. ಅದರಲ್ಲೊಂದು ಕಪ್ಪೆಮರಿ ಈಜುತ್ತಿತ್ತು. ಅಧ್ಯಕ್ಷರು ಲೋಟ ನೋಡಿದರು, ನನ್ನನ್ನು ನೋಡಿದರು, ಬೆವರಿದರು.

"ಇವತ್ತು ನನಗೆ ಉಪವಾಸ ಸಾಹೇಬ್ರೇ! ಟ್ಯಾಂಕು ಈಗ್ಲೇ ತೊಳೆಸ್ತೀನಿ!"

ಸರಿ, ಒಂದು ಸಣ್ಣ ಸುಳ್ಳು ಸೇರಿಸಿದ್ದೇನೆ. ಕಪ್ಪೆಮರಿ ಈಜುತ್ತಿರಲಿಲ್ಲ. ಲೋಟದಿಂದ ಹೊರಗೆ ಹಾರಲು ಒದ್ದಾಡುತ್ತಿತ್ತು.