ಆಚೆ ದಡದ ಗಾಣ

"ಅಪ್ಪಾವರೆ, ಕೊಂಡವನು ನಾನಲ್ಲ, ಮಾರಿದವನೂ ನಾನಲ್ಲ. ನಡುವೆ ಒಂದು ಪಾಲು ಇಟ್ಟುಕೊಂಡವನು ಅಷ್ಟೆ. ಅಲ್ಲಿ ಆಗುವುದಕ್ಕೆಲ್ಲ ನಾನು ಹೊಣೆಯೇ?"

ಕೇಳಿದವನು ಬಟ್ಟೆ ವ್ಯಾಪಾರಿ ಅಡವೆಪ್ಪ. ಅವನ ದುಡಿಮೆಯ ಬಹುಪಾಲು ಒಂದು ತೈಲ ಕಂಪನಿಯ ಷೇರುಗಳಲ್ಲಿತ್ತು. ಆ ಕಂಪನಿ ದೂರದ ದೇಶವೊಂದರಲ್ಲಿ ತೈಲ ತೆಗೆಯುವ ಇನ್ನೊಂದು ಕಂಪನಿಯನ್ನು ಬಾವಿಗಳ ಸಮೇತ ಕೊಳ್ಳಲು ಹೊರಟಿತ್ತು. ಆ ದೇಶಕ್ಕೂ ಅದರ ನೆರೆಯ ದೇಶಕ್ಕೂ ಜಗಳ. ತೈಲ ಯಾರಿಗೆ ಹೋಗಬೇಕು, ಯಾರಿಗೆ ಹೋಗಬಾರದು ಎಂದು ಸರ್ಕಾರಗಳು ಹಟ ಹಿಡಿದು ಕೂತಿದ್ದವು. ಜಗಳ ಇದ್ದುದರಿಂದಲೇ ಬಾವಿಗಳು ಅಗ್ಗವಾಗಿದ್ದವು. ಕಂಪನಿಯವರು ಪಾಲುದಾರರ ಒಪ್ಪಿಗೆ ಕೇಳಿದ್ದರು. ಅಡವೆಪ್ಪ ಒಪ್ಪಿಗೆ ಕೊಡುವವನೇ. ಕೊಡುವ ಮುಂಚೆ ಗುರುಗಳ ಬಾಯಿಂದ 'ನಿನ್ನದೇನಿಲ್ಲ ಬಿಡು' ಎಂಬ ಒಂದು ಮಾತು ಕೇಳಿಕೊಂಡು ಹೋಗೋಣವೆಂದು ಮಠಕ್ಕೆ ಬಂದಿದ್ದ.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕತೆ ಹೇಳಿದರು.

ಒಂದು ಹೊಳೆ. ಈಚೆ ದಡಕ್ಕೆ ಒಬ್ಬ ಪಾಳೆಯಗಾರ, ಆಚೆ ದಡಕ್ಕೆ ಒಬ್ಬ ಪಾಳೆಯಗಾರ. ಇಬ್ಬರಿಗೂ ಮೀಸೆ ದೊಡ್ಡದು. ಹರಿಗೋಲಿನ ಸುಂಕ ಯಾರಿಗೆ ಸೇರಬೇಕೆಂದು ಅವರಿಗೆ ಅಜ್ಜಂದಿರ ಕಾಲದ ಜಗಳ. ಜನಕ್ಕೆ ಆ ಜಗಳ ಬೇಕಿರಲಿಲ್ಲ. ಈ ದಡದವರು ಆ ದಡಕ್ಕೆ ಹೆಣ್ಣು ಕೊಡುತ್ತಿದ್ದರು, ಆ ದಡದಿಂದ ಹೆಣ್ಣು ತರುತ್ತಿದ್ದರು. ಹರಿಗೋಲು ಹತ್ತಿ ಸಂತೆಗೆ ಬರುತ್ತಿದ್ದರು, ಹೋಗುತ್ತಿದ್ದರು.

ಆಚೆ ದಡದಲ್ಲಿ ದೊಡ್ಡ ಹೊಂಗೆಯ ತೋಪು ಇತ್ತು. ತೋಪಿನ ಅಂಚಿನಲ್ಲಿ ಒಬ್ಬ ಮುದಿ ಗಾಣಿಗನ ಗಾಣ. ಆಚೆಯ ಊರುಗಳ ದೀಪಗಳೆಲ್ಲ ಅವನ ಎಣ್ಣೆಯಿಂದ ಉರಿಯುತ್ತಿದ್ದವು. ಈಚೆ ದಡದಲ್ಲಿ ಒಬ್ಬ ಯಜಮಾನನಿಗೆ ಸಾಲಾಗಿ ಗಾಣಗಳಿದ್ದವು. ಗಾಣಗಳಿಗೆ ತಕ್ಕಷ್ಟು ಬೀಜ ಮಾತ್ರ ಇರಲಿಲ್ಲ. ಬಹಳ ದಿನದಿಂದ ಅವನ ಕಣ್ಣು ಆಚೆಯ ತೋಪಿನ ಮೇಲಿತ್ತು.

ಆ ವರ್ಷ ಆಚೆಯ ಪಾಳೆಯಗಾರನಿಗೆ ಹಣ ಬೇಕಾಯಿತು. ಹಣ ಬೇಕಾದದ್ದು ಕುದುರೆ ಕೊಳ್ಳುವುದಕ್ಕೆ. ಕುದುರೆ ಬೇಕಾದದ್ದು ಈಚೆಯವನ ಮೇಲೆ ಏರಿ ಬರುವುದಕ್ಕೆ. ಅವನು ತೋಪಿನ ಗುತ್ತಿಗೆಯನ್ನೂ ಗಾಣವನ್ನೂ ಈಚೆಯ ಯಜಮಾನನಿಗೇ ಮಾರಲು ಒಪ್ಪಿದ. ಮುದಿ ಗಾಣಿಗನನ್ನು ಯಾರೂ ಕೇಳಲಿಲ್ಲ. ಈಚೆಯ ಪಾಳೆಯಗಾರನೂ ಅಪ್ಪಣೆ ಕೊಟ್ಟ. ಅವನದು ಒಂದೇ ಕಟ್ಟಳೆ. ಬೀಜ ಈಚೆ ಬರಬೇಕು, ಎಣ್ಣೆ ಆಚೆ ಹೋಗಕೂಡದು. ದೀಪವಿಲ್ಲದ ಊರುಗಳು ಎಷ್ಟು ದಿನ ಬೀಗುತ್ತವೆ ನೋಡೋಣ ಎಂದ. ಒಬ್ಬ ತನ್ನ ಜನರ ಬೆಳಕು ಮಾರಿ ಕುದುರೆ ಕೊಂಡ, ಇನ್ನೊಬ್ಬ ಆ ಕುದುರೆಯ ಹಣವನ್ನು ತನ್ನ ಕಡೆಯವನೇ ತೆರಲು ಬಿಟ್ಟು ಆಚೆಯವರಿಗೆ ಕತ್ತಲು ಕೊಂಡ. ಇಬ್ಬರೂ ತಾವೇ ಜಾಣರೆಂದುಕೊಂಡರು.

ಅಷ್ಟು ದೊಡ್ಡ ವ್ಯಾಪಾರಕ್ಕೆ ಯಜಮಾನನೊಬ್ಬನ ಹಣ ಸಾಲಲಿಲ್ಲ. ಪಾಲುದಾರರನ್ನು ಹುಡುಕಿದ. ಹಾಗೆ ಸಿಕ್ಕವರಲ್ಲಿ ಒಬ್ಬ ವರ್ತಕ.

ವರ್ತಕ ಕೆಟ್ಟವನಲ್ಲ. ತಕ್ಕಡಿಯಲ್ಲಿ ಕೈ ಒತ್ತಿದವನಲ್ಲ, ಬಾಗಿಲಿಗೆ ಬಂದವರನ್ನು ಬೈದವನಲ್ಲ. ಊರೆಲ್ಲ ಕುದುರೆಗಳ ಮಾತು ಆಡುತ್ತಿದ್ದಾಗ ಅವನು ಬೀಜದ ಬಗ್ಗೆ ಯೋಚಿಸಿದ. ಎಲ್ಲರೂ ಹೆದರಿದ್ದಾರೆ, ಅದಕ್ಕೇ ತೋಪು ಅಗ್ಗವಾಗಿದೆ. ಹೆದರಿಕೆ ಇಂದಲ್ಲ ನಾಳೆ ಇಳಿಯುತ್ತದೆ, ಬೆಲೆ ಏರುತ್ತದೆ. ಯಾವ ಪಾಳೆಯಗಾರ ಗೆದ್ದರೂ ಸಂಜೆ ಆಗೇ ಆಗುತ್ತದೆ. ಸಂಜೆಯಾದರೆ ಎಣ್ಣೆ ಬೇಕೇ ಬೇಕು. ಹೀಗೆ ಯೋಚಿಸಿ ಅಂಗಡಿಯ ಬಂಡವಾಳವನ್ನೆಲ್ಲ ತೆಗೆದು ಪಾಲು ಹಾಕಿದ. ಅವನ ಯೋಚನೆಯಲ್ಲಿ ತಪ್ಪೇನೂ ಇರಲಿಲ್ಲ.

ಯಜಮಾನನ ಆಳುಗಳು ಹೋಗಿ ಆಚೆಯ ಗಾಣದ ಮರದ ಕಂಬವನ್ನು ಕಿತ್ತು ಹರಿಗೋಲಿಗೆ ಹಾಕಿಕೊಂಡು ಬಂದರು. ಕಲ್ಲಿನ ಒರಳು ನೆಲದಲ್ಲೇ ಉಳಿಯಿತು. ಗಾಣ ನಿಂತ ಮೇಲೂ ಮುದಿಯನ ಎತ್ತು ಬೆಳಗಾದರೆ ಒರಳಿನ ಹತ್ತಿರ ಬಂದು, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಳ್ಳಲು ತಲೆ ತಗ್ಗಿಸಿ ನಿಲ್ಲುತ್ತದಂತೆ. ಯಜಮಾನ ಇದನ್ನು ಪಾಲುದಾರರ ಮುಂದೆ ಹೇಳಿ ನಕ್ಕ. ಎಲ್ಲರೂ ನಕ್ಕರು. ವರ್ತಕನೂ ನಕ್ಕ.

ಅಂದಿನಿಂದ ಹರಿಗೋಲು ಬೀಜ ತುಂಬಿಕೊಂಡು ಬರುತ್ತಿತ್ತು, ಖಾಲಿ ಗೋಣಿ ಹೊತ್ತು ಹೋಗುತ್ತಿತ್ತು. ಆಚೆಯ ಊರುಗಳಲ್ಲಿ ಒಂದೊಂದೇ ದೀಪ ಆರಿತು. ಈಚೆಯ ದಂಡೆಯಲ್ಲಿ ಕಾವಲು ಕೂತಿತು, ಪಾಳೆಯಗಾರನ ಹೊಸ ಕಟ್ಟಳೆಯೂ ಬಂತು. ಆಚೆಯವರು ಈಚೆ ಕಾಲಿಡಬಾರದು, ಈಚೆಯವರು ಆಚೆ ಹೋಗಬಾರದು. ಬೀಜಕ್ಕೆ ಮಾತ್ರ ಅಡ್ಡಿಯಿಲ್ಲ.

ವರ್ತಕನಿಗೆ ಒಬ್ಬಳೇ ಮಗಳು. ಅವಳನ್ನು ಆಚೆ ದಡಕ್ಕೆ ಕೊಟ್ಟಿದ್ದರು. ಅವಳು ಚೊಚ್ಚಲ ಬಸುರಿ. ಸೀಮಂತ ಮುಗಿಸಿಕೊಂಡು ಹೆರಿಗೆಗೆ ತವರಿಗೆ ಬರಬೇಕಾದವಳು. ತಾಯಿ ಬಾಣಂತಿಯ ಕೋಣೆ ಸಾರಿಸಿ, ಹಳೆಯ ಸೀರೆ ಒಗೆದು ಮಡಚಿಟ್ಟು ದಂಡೆಗೆ ಹೋದಳು. ಒಬ್ಬಳೇ ವಾಪಸು ಬಂದಳು.

"ಹರಿಗೋಲು ಬಂತು" ಎಂದಳು. "ಮೂಟೆ ಇಳಿಸಿದರು. ಮಗಳನ್ನು ಇಳಿಸಲಿಲ್ಲ. ಬೀಜಕ್ಕೆ ದಾರಿ ಇದೆಯಂತೆ, ಬಸುರಿಗೆ ಇಲ್ಲವಂತೆ. ಒಳ್ಳೆಯ ವ್ಯಾಪಾರ ಮಾಡಿದ್ದೀರಿ."

"ಅದು ಪಾಳೆಯಗಾರನ ಕಟ್ಟಳೆ ಕಣೇ. ನಾನೇನು ಮಾಡಲಿ?"

"ನೀವೇನೂ ಮಾಡಬೇಡಿ. ಯಾವಾಗ ಏನು ಮಾಡಿದ್ದೀರಿ? ಕೂತಲ್ಲೇ ಪಾಲು ಬೆಳೆಯುತ್ತದಲ್ಲ, ಮೊಮ್ಮಗುವೂ ಹಾಗೇ ಬೆಳೆದು ಬಂದು ತೊಡೆಯ ಮೇಲೆ ಕೂರುತ್ತದೆ ಅಂದುಕೊಂಡಿದ್ದೀರಿ."

ವರ್ತಕ ಲೆಕ್ಕದ ಪುಸ್ತಕ ಬಿಡಿಸಿದ. ಹೆಂಗಸಿಗೆ ವ್ಯಾಪಾರ ತಿಳಿಯದು ಎಂದುಕೊಂಡ.

ಕೆಲವು ದಿನ ಕಳೆದವು. ಹರಿಗೋಲಿನ ಅಂಬಿಗ ಮೂಟೆ ಇಳಿಸುವ ನೆಪದಲ್ಲಿ ಅಂಗಡಿಯ ಹತ್ತಿರ ಬಂದು ಮಗಳ ಮಾತು ಮುಟ್ಟಿಸಿದ. ಅವಳು ಹೇಳಿ ಕಳಿಸಿದ್ದು ಇಷ್ಟು. "ಬರಲಿಕ್ಕೆ ಬಿಡದಿದ್ದರೆ ಬೇಡ. ಒಂದು ಕುಡಿಕೆ ಎಣ್ಣೆ ಕಳಿಸಿಕೊಡಲು ಅಪ್ಪನಿಗೆ ಹೇಳು. ಇಲ್ಲಿ ತುಪ್ಪವೂ ಮುಗಿದಿದೆ, ಹರಳೆಣ್ಣೆಯೂ ಮುಗಿದಿದೆ. ಸೌದೆ ಉರಿಸಿದರೆ ಕೋಣೆಯಲ್ಲಿ ಹೊಗೆ ತುಂಬಿ ಉಸಿರು ಕಟ್ಟುತ್ತದೆ. ಸೂಲಗಿತ್ತಿಗೆ ಕಣ್ಣು ಮಂಜು. ಈಗ ಗಾಣ ಅಪ್ಪನದೇ ಅಂತೆ. ಅಪ್ಪನಿಗೆ ಒಂದು ಕುಡಿಕೆ ದೊಡ್ಡದಲ್ಲ."

ವರ್ತಕ ಯಜಮಾನನ ಬಳಿಗೆ ಹೋದ. "ಮಗಳಿಗೆ ಒಂದು ಕುಡಿಕೆ ಎಣ್ಣೆ ಕಳಿಸಬೇಕಿತ್ತು" ಎಂದ.

ಯಜಮಾನ ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ಅದಕ್ಕೇನಂತೆ ಶೆಟ್ಟರೆ, ಕಳಿಸೋಣ. ಖಾಲಿ ಗೋಣಿಗಳ ಕೆಳಗೆ ಇಟ್ಟರೆ ಹೋಗುತ್ತದೆ. ಕಾವಲಿನವರು ನನ್ನ ಅನ್ನ ಉಂಡವರು. ಆದರೂ ಒಂದು ಮಾತು. ಸಿಕ್ಕಿಬಿದ್ದರೆ ಅಪ್ಪಣೆ ಹೋಯಿತು, ತೋಪು ಹೋಯಿತು, ನಿಮ್ಮ ಪಾಲೂ ಹೊಳೆಯ ಪಾಲು. ಸಿಕ್ಕಿಬೀಳದಿದ್ದರೆ? ಬಡಗಿಯ ತಂಗಿ ಆಚೆ ಇದ್ದಾಳೆ, ಪೂಜಾರಿಯ ಅತ್ತೆ ಆಚೆ ಇದ್ದಾಳೆ. ನಾಳೆ ಅವರೂ ಕುಡಿಕೆ ಹಿಡಿದುಕೊಂಡು ಬಂದು ನಿಲ್ಲುತ್ತಾರೆ. ಕತ್ತಲು ಗಟ್ಟಿ ಇರುವವರೆಗೆ ನಮ್ಮ ಬೆಲೆ ಗಟ್ಟಿ. ಆಚೆಯವರು ಇನ್ನೇನು ಮಣಿಯುತ್ತಾರೆ. ಈ ಹುಣ್ಣಿಮೆ ಕಳೆಯಲಿ, ನಾವು ಹೇಳಿದ ಬೆಲೆಗೆ ಎಣ್ಣೆ ಕೇಳುತ್ತಾರೆ, ನಮ್ಮ ಪಾಳೆಯಗಾರರೂ ಬಿಡುತ್ತಾರೆ. ಆದರೂ ನಿಮ್ಮ ಮಾತಿಗೆ ಎದುರಿಲ್ಲ. ಗಾಣ ನಿಮ್ಮದೂ ಹೌದು. ಹೂಂ ಅನ್ನಿ, ಈಗಲೇ ಅಳೆದು ಕೊಡುತ್ತೇನೆ."

ಅದು ಪಾಳೆಯಗಾರನ ಕಟ್ಟಳೆ, ಇದು ಯಜಮಾನನ ವ್ಯಾಪಾರ ಎಂದು ವರ್ತಕ ಅಲ್ಲಿಯವರೆಗೆ ಹೇಳುತ್ತಾ ಬಂದಿದ್ದ. ಈಗ ಮಾತು ಅವನ ಬಾಯಲ್ಲೇ ಇತ್ತು. ಅವನು ತಿಂಗಳು ಲೆಕ್ಕ ಹಾಕಿದ. ಮಗಳಿಗೆ ದಿನ ತುಂಬುವುದು ಹುಣ್ಣಿಮೆಯ ಆಸುಪಾಸಿಗೆ. ಹುಣ್ಣಿಮೆಯ ಬೆಳಕಿನ ಮುಂದೆ ಹೊಂಗೆ ಎಣ್ಣೆಯ ದೀಪ ಯಾವ ಲೆಕ್ಕ ಎಂದು ತನಗೆ ತಾನೇ ಹೇಳಿಕೊಂಡ. ಹೆರಿಗೆ ಕೋಣೆಗೆ ಕಿಟಕಿ ಇರುವುದಿಲ್ಲ ಎಂಬುದು ಗಂಡಸರಿಗೆ ನೆನಪಾಗುವುದಿಲ್ಲ.

"ಹುಣ್ಣಿಮೆ ಕಳೆಯಲಿ" ಎಂದ.

"ನಿಮ್ಮ ಇಷ್ಟ" ಎಂದ ಯಜಮಾನ.

ಮನೆಗೆ ಬಂದು ಹೆಂಡತಿಗೆ, "ಕೇಳಿದೆ, ಆಗಲಿಲ್ಲ" ಎಂದ. ಅವಳು ಅವನ ಮುಖ ನೋಡಿದಳು. ದೇವರ ಮುಂದಿದ್ದ ದೀಪದ ಎಣ್ಣೆಯನ್ನೂ ಅಡುಗೆಮನೆಯ ದೀಪದ ಎಣ್ಣೆಯನ್ನೂ ಒಂದು ಕುಡಿಕೆಗೆ ಬಗ್ಗಿಸಿ, ಬಾಯಿಗೆ ಬಟ್ಟೆ ಕಟ್ಟಿ, ಸೆರಗಿನೊಳಗೆ ಇಟ್ಟುಕೊಂಡು ದಂಡೆಗೆ ಹೋದಳು. ಹೊಂಗೆ ಎಣ್ಣೆಯ ನಾತ ಮುಚ್ಚಿಟ್ಟರೆ ನಿಲ್ಲುವಂಥದಲ್ಲ. ಅವಳು ಯಜಮಾನನ ಕಡೆಯವಳು ಎಂದು ಕಾವಲಿನವನಿಗೆ ಯಾರೂ ಹೇಳಿರಲಿಲ್ಲ. ಅವನು ಕುಡಿಕೆ ಕಸಿದುಕೊಂಡು ಅವಳ ಕಣ್ಣ ಮುಂದೆಯೇ ಮರಳಿಗೆ ಸುರಿದ. ಕುಡಿಕೆಯನ್ನು ಅವಳಿಗೇ ಕೊಟ್ಟ.

ಹುಣ್ಣಿಮೆ ಬಂತು, ಹೋಯಿತು. ಯಜಮಾನ ಹೇಳಿದ ಹಾಗೆಯೇ ಆಯಿತು. ಆಚೆಯ ಊರುಗಳ ಹಿರಿಯರು ಬಂದು ಕೈ ಮುಗಿದರು. ಅವರ ಪಾಳೆಯಗಾರನನ್ನು ಕೇಳಿದರೆ ಅವನು ಲಾಯದಲ್ಲಿ ಕುದುರೆ ಎಣಿಸುತ್ತಿದ್ದನಂತೆ. ಈಚೆಯ ಪಾಳೆಯಗಾರ ಕಟ್ಟಳೆ ಸಡಿಲಿಸಿದ. ಮೊದಲು ಯಾರೂ ಕೊಡದಿದ್ದ ಬೆಲೆಗೆ ಎಣ್ಣೆ ಮಾರಾಟವಾಯಿತು. ಯಜಮಾನ ಪಾಲುದಾರರನ್ನೆಲ್ಲ ಕರೆದು ಬೆಲ್ಲ ಹಂಚಿದ. ವರ್ತಕ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು, ತಾನೇ ಒಂದು ಕುಡಿಕೆ ತುಂಬಿಸಿಕೊಂಡು ದಂಡೆಗೆ ಹೋದ. ಎಣ್ಣೆಯ ಮಡಕೆಗಳನ್ನು ಹರಿಗೋಲಿಗೆ ಏರಿಸುತ್ತಿದ್ದರು.

"ಇದನ್ನು ನನ್ನ ಮಗಳಿಗೆ ಮುಟ್ಟಿಸಪ್ಪ" ಎಂದು ಅಂಬಿಗನ ಮುಂದೆ ಹಿಡಿದ.

ಅಂಬಿಗ ಕೈ ಚಾಚಲಿಲ್ಲ. "ಶೆಟ್ಟರೆ, ನಿಮಗೆ ಯಾರೂ ಹೇಳಲಿಲ್ಲವೇ? ಮಗಳು ಹುಣ್ಣಿಮೆಯ ದಿನವೇ ಹೋದಳು. ರಕ್ತ ನಿಲ್ಲಲಿಲ್ಲವಂತೆ. ಎಲ್ಲಿಂದ ಹರಿಯುತ್ತಿದೆ ಎಂದು ಕಾಣದೆ ಸೂಲಗಿತ್ತಿ ಕೈಯಲ್ಲಿ ತಡವಿ ತಡವಿ ಸಾಕಾದಳಂತೆ. ಕೂಸನ್ನು ಮಾತ್ರ ಅಂಗಳಕ್ಕೆ ತಂದು, ಬೆಳದಿಂಗಳಿಗೆ ಹಿಡಿದು ನೋಡಿದರಂತೆ."

ಅಷ್ಟರಲ್ಲಿ ಮಡಕೆಗಳು ತುಂಬಿದ್ದವು. ಹೊತ್ತಾಯಿತು ಎಂದು ಯಜಮಾನನ ಆಳು ದಂಡೆಯಿಂದ ಕೂಗಿದ. ಅಂಬಿಗ ಹುಟ್ಟು ಹಾಕಿದ. ಹರಿಗೋಲು ಆ ದಿನ ಖಾಲಿ ಹೋಗಲಿಲ್ಲ.

ವರ್ತಕ ಕುಡಿಕೆ ಹಿಡಿದುಕೊಂಡೇ ಮನೆಗೆ ಬಂದ. ಹೆಂಡತಿಗೆ ಸುದ್ದಿ ಆಗಲೇ ಮುಟ್ಟಿತ್ತು. ಅವಳು ಅಳುತ್ತಿರಲಿಲ್ಲ. ಬಾಣಂತಿಯ ಕೋಣೆಯ ಹೊಸ್ತಿಲ ಮೇಲೆ ಕೂತಿದ್ದಳು.

"ನಾನೇನು ಮಾಡಿದೆನೇ?" ಎಂದ ವರ್ತಕ. "ಒಂದು ಪಾಲು ಇಟ್ಟಿದ್ದೆ, ಅಷ್ಟೆ."

"ಅದನ್ನು ಅವಳಿಗೆ ಹೇಳಿ" ಎಂದಳು. "ನನಗೆ ಗೊತ್ತಿದೆ."

ಆ ಸಂಜೆ ಹೊಳೆಯ ಎರಡೂ ದಡದಲ್ಲಿ ಎಲ್ಲರ ಮನೆಯಲ್ಲೂ ದೀಪ ಹಚ್ಚಿದರು. ಎಣ್ಣೆ ತುಂಬಿದ ಕುಡಿಕೆ ನಡುಮನೆಯಲ್ಲೇ ಇತ್ತು, ಆದರೆ ವರ್ತಕನ ಮನೆಯಲ್ಲಿ ಹಚ್ಚುವವರಿರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅಡವೆಪ್ಪ ಮುಂದಿನದಕ್ಕೆ ಕಾದ. ಗುರುಗಳೂ ಅವನ ಮುಖ ನೋಡುತ್ತಾ ಕಾದರು.

ಕೊನೆಗೆ ಅಡವೆಪ್ಪನಿಗೆ ತಡೆಯಲಾಗಲಿಲ್ಲ. "ಅಪ್ಪಾವರೆ, ಮುಂದೆ ಆಚೆಯವನು ಕುದುರೆ ತಂದು ತೋಪು ಕಿತ್ತುಕೊಂಡನೇ? ಗಾಣ ಉಳಿಯಿತೇ? ಆ ವರ್ತಕನ ಪಾಲು ಏನಾಯಿತು?"

ಗುರುಗಳು ಹೇಳಿದರು, "ಕೂಸು ಏನಾಯಿತೆಂದು ಕೇಳುತ್ತೀಯೆಂದು ಕಾದಿದ್ದೆ."